ತಾನೇ ನುಡಿಯುವ ಪಿಯಾನೊದ ಸದ್ದನ್ನು ಸ್ವರ ನುಂಗದಂತೆ ಇಳಿಸುವುದು ಹೇಗೆ?

ತಾನೇ ನುಡಿಯುವ ಪಿಯಾನೊ ಇಟ್ಟುಕೊಂಡಿರುವ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ವಾಲ್ಯೂಮ್ ಇಳಿಸಿದರೆ ಅಲ್ಲಲ್ಲಿ ಸ್ವರಗಳು ಮಾಯವಾಗುತ್ತವೆ, ಏರಿಸಿದರೆ ಕೋಣೆಯಲ್ಲಿ ಕೂತು ಮಾತನಾಡಲಾಗುವುದಿಲ್ಲ, ಹಾಗಾದರೆ ಎಲ್ಲಿ ನಿಲ್ಲಿಸಬೇಕು? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಇಡೀ ಕ್ರಮವನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ. ತಯಾರಕರು ಬೇರೆಯಾದರೆ ಗುಂಡಿಗಳ ಹೆಸರು, ಪರದೆಯ ಮೇಲಿನ ಪಟ್ಟಿ ಎಲ್ಲವೂ ಬೇರೆಯಾಗುತ್ತವೆ, ಆದರೆ ಒಳಗೆ ನಡೆಯುವ ಕೆಲಸ ಹೆಚ್ಚುಕಡಿಮೆ ಒಂದೇ. ಅದನ್ನು ತಿಳಿದುಕೊಂಡವರಿಗೆ ಯಾವ ಗುಂಡಿ ಏನು ಮಾಡುತ್ತಿದೆ ಎಂಬುದು ತಾನಾಗಿ ಹೊಳೆಯುತ್ತದೆ.

ಇಲ್ಲಿ ವಾಲ್ಯೂಮ್ ಎಂದರೆ ಏನು?

ರೇಡಿಯೊದಲ್ಲಿ ವಾಲ್ಯೂಮ್ ಇಳಿಸಿದಾಗ ವಿದ್ಯುತ್ ಸಂಕೇತ ಸಣ್ಣದಾಗುತ್ತದೆ, ಅಷ್ಟೇ. ಹಾಡಿನ ಒಂದಕ್ಷರವೂ ಬಿಟ್ಟುಹೋಗುವುದಿಲ್ಲ. ಪಿಯಾನೊದ ಸದ್ದು ಸ್ಪೀಕರಿನಿಂದ ಬರುವುದಲ್ಲ, ಸುತ್ತಿಗೆ ತಂತಿಗೆ ಬಡಿದು ಹುಟ್ಟುವುದು. ಪ್ರತಿ ಕೀಯ ಹಿಂಬದಿಯ ತುದಿಯ ಕೆಳಗೆ ಒಂದು ಸೊಲೆನಾಯ್ಡ್ ಇರುತ್ತದೆ. ಸೊಲೆನಾಯ್ಡ್ ಎಂದರೆ ತಾಮ್ರದ ತಂತಿ ಸುತ್ತಿದ ಸುರುಳಿ. ಅದರಲ್ಲಿ ವಿದ್ಯುತ್ ಹರಿದಾಗ ನಡುವಿನ ಕಬ್ಬಿಣದ ಸರಳು ಮೇಲೆ ಚಿಮ್ಮಿ ಕೀಯ ಬಾಲವನ್ನು ಎತ್ತುತ್ತದೆ, ಮುಂಭಾಗ ಬೆರಳಿನಿಂದ ಒತ್ತಿದಂತೆಯೇ ಕೆಳಗಿಳಿಯುತ್ತದೆ. ಕೀ ಇಳಿಯುವುದು ಸುಮಾರು 10 ಮಿಲಿಮೀಟರ್. ಅಷ್ಟರೊಳಗೆ ಸುತ್ತಿಗೆ ವೇಗ ಪಡೆಯಬೇಕು. ತಂತಿಗೆ ಇನ್ನು ಒಂದೆರಡು ಮಿಲಿಮೀಟರ್ ಇರುವಾಗ ಸುತ್ತಿಗೆಯನ್ನು ನೂಕುತ್ತಿದ್ದ ಸನ್ನೆ ಜಾರಿಕೊಳ್ಳುತ್ತದೆ, ಉಳಿದ ದೂರವನ್ನು ಸುತ್ತಿಗೆ ತನ್ನ ವೇಗದಿಂದಲೇ ಹಾರಿ ದಾಟಬೇಕು. ಈ ಜಾರುವಿಕೆ ಇರದಿದ್ದರೆ ಸುತ್ತಿಗೆ ತಂತಿಗೇ ಒತ್ತಿಕೊಂಡು ಸ್ವರವನ್ನು ಅಡಗಿಸಿಬಿಡುತ್ತಿತ್ತು.

ಸ್ವರ ನುಂಗಿಹೋಗುವುದು ಇಲ್ಲಿಯೇ. ವಾಲ್ಯೂಮ್ ಇಳಿಸುವುದೆಂದರೆ ಸೊಲೆನಾಯ್ಡಿನ ನೂಕನ್ನು ಕಡಿಮೆ ಮಾಡುವುದು. ನೂಕು ಒಂದು ಮಿತಿಗಿಂತ ಕೆಳಗಿಳಿದರೆ ಸುತ್ತಿಗೆ ಆ ಕೊನೆಯ ಒಂದೆರಡು ಮಿಲಿಮೀಟರನ್ನು ದಾಟಲಾರದೆ ತಂತಿಯನ್ನು ಮುಟ್ಟದೆಯೇ ಹಿಂದಕ್ಕೆ ಬೀಳುತ್ತದೆ. ಕೀ ಇಳಿದದ್ದು ಕಣ್ಣಿಗೆ ಕಾಣುತ್ತದೆ, ಸ್ವರ ಮಾತ್ರ ಇಲ್ಲ. ಈ ಮಿತಿಯನ್ನು ಮುಂದೆ ‘ತಳಮಟ್ಟ’ ಎಂದು ಕರೆಯುತ್ತೇನೆ. ನಿಮ್ಮ ಪಿಯಾನೊದ ತಳಮಟ್ಟ ಎಲ್ಲಿದೆ ಎಂದು ಗೊತ್ತಿಲ್ಲದೆ ವಾಲ್ಯೂಮಿನ ಗುಂಡಿ ತಿರುಗಿಸುತ್ತಾ ಕೂರುವುದು ವ್ಯರ್ಥ. ಕೆಳಗಿನ ಕ್ರಮವೆಲ್ಲ ಮೊದಲು ತಳಮಟ್ಟವನ್ನು ಹುಡುಕುವುದು, ಅದನ್ನು ಆದಷ್ಟು ಕೆಳಗೆ ತರುವುದು, ಆಮೇಲೆ ಅದರ ಮೇಲೆ ನಿಂತು ಕೇಳುವ ಮಟ್ಟವನ್ನು ಹೊಂದಿಸುವುದು ಎಂಬ ಅನುಕ್ರಮದಲ್ಲಿದೆ.

ಏನೇನು ಬೇಕು?

ಪಿಯಾನೊದ ಕೈಪಿಡಿ, ಅದನ್ನು ನಿಯಂತ್ರಿಸುವ ಆ್ಯಪ್ ಅಥವಾ ರಿಮೋಟ್, ಮಿಡಿ ಕಡತಗಳನ್ನು ತಿದ್ದಬಲ್ಲ ಯಾವುದಾದರೂ ತಂತ್ರಾಂಶ, ತೇವಾಂಶ ತೋರಿಸುವ ಸಣ್ಣ ಮಾಪಕ, ಕಾಗದ, ಪೆನ್ಸಿಲ್. ಮಿಡಿ ಎಂಬುದು 1983ರಲ್ಲಿ ಬಂದ, ವಾದ್ಯಗಳು ಪರಸ್ಪರ ಮಾತನಾಡುವ ಸಂಕೇತಭಾಷೆ. ಅದರಲ್ಲಿ ಸದ್ದು ಇರುವುದಿಲ್ಲ. ಯಾವ ಕೀ, ಯಾವಾಗ, ಎಷ್ಟು ವೇಗದಲ್ಲಿ ಎಂಬ ಸೂಚನೆ ಮಾತ್ರ ಇರುತ್ತದೆ. ಈ ವೇಗದ ಅಂಕಿಗೆ ವೆಲಾಸಿಟಿ ಎನ್ನುತ್ತಾರೆ. ಅದು 1ರಿಂದ 127ರವರೆಗೆ ಇರುತ್ತದೆ. ಪಿಯಾನೊದ 88 ಕೀಗಳಿಗೆ ಮಿಡಿಯಲ್ಲಿ 21ರಿಂದ 108ರವರೆಗಿನ ಸಂಖ್ಯೆಗಳಿವೆ.

1. ಯಾವ ವಾಲ್ಯೂಮನ್ನು ತಿರುಗಿಸುತ್ತಿದ್ದೀರಿ ಎಂದು ಗುರುತಿಸಿಕೊಳ್ಳಿ

ಇಂಥ ಪಿಯಾನೊದಲ್ಲಿ ವಾಲ್ಯೂಮ್ ಎಂಬ ಹೆಸರಿನಲ್ಲಿ ಮೂರು ನಾಲ್ಕು ಬೇರೆ ಬೇರೆ ವಸ್ತುಗಳಿರುತ್ತವೆ. ಸೊಲೆನಾಯ್ಡುಗಳ ನೂಕನ್ನು ನಿರ್ಧರಿಸುವುದು ಒಂದು. ಹಿನ್ನೆಲೆ ವಾದ್ಯ ಅಥವಾ ಗಾಯನ ಬರುವ ಸ್ಪೀಕರಿನದು ಇನ್ನೊಂದು. ಇವೆರಡರ ಪರಸ್ಪರ ಪ್ರಮಾಣವನ್ನು ಹೇಳುವ ಬ್ಯಾಲೆನ್ಸ್ ಮತ್ತೊಂದು. ಸಂಗೀತವನ್ನು ಕಳುಹಿಸುವ ಫೋನ್ ಅಥವಾ ಟ್ಯಾಬ್ಲೆಟ್ಟಿನ ಸ್ವಂತ ವಾಲ್ಯೂಮ್ ಬೇರೆಯೇ ಇದೆ. ಹಿನ್ನೆಲೆ ಇಲ್ಲದ, ಬರೀ ಪಿಯಾನೊದ ಒಂದು ಕೃತಿಯನ್ನು ಹಾಕಿ ಒಂದೊಂದನ್ನೇ ಏರಿಳಿಸಿ ನೋಡಿ, ಯಾವುದು ಸುತ್ತಿಗೆಯನ್ನು ಮುಟ್ಟುತ್ತದೆ, ಯಾವುದು ಮುಟ್ಟುವುದಿಲ್ಲ ಎಂದು ಬರೆದುಕೊಳ್ಳಿ.

ಫೋನಿನ ವಾಲ್ಯೂಮಿನ ವಿಷಯದಲ್ಲಿ ಎಚ್ಚರ ಬೇಕು. ಕೆಲವು ವ್ಯವಸ್ಥೆಗಳಲ್ಲಿ ಸ್ಟೀರಿಯೊದ ಒಂದು ಚಾನೆಲ್ಲಿನಲ್ಲಿ ಸಂಗೀತ, ಇನ್ನೊಂದರಲ್ಲಿ ಕೀಗಳಿಗೆ ಹೋಗುವ ಸೂಚನೆಗಳು ಶಬ್ದರೂಪದಲ್ಲಿ ಅಡಗಿರುತ್ತವೆ. ಅಂಥ ವ್ಯವಸ್ಥೆಯಲ್ಲಿ ಫೋನಿನ ವಾಲ್ಯೂಮನ್ನು ತೀರಾ ಇಳಿಸಿದರೆ, ಈಕ್ವಲೈಜರ್ ಹಾಕಿದರೆ, ಎರಡೂ ಚಾನೆಲ್ಲುಗಳನ್ನು ಬೆರೆಸುವ ಮೋನೊ ಆಯ್ಕೆ ಒತ್ತಿದರೆ ಅಥವಾ ಕಡತವನ್ನು ಎಂಪಿ3ಗೆ ಕುಗ್ಗಿಸಿದರೆ ಸೂಚನೆಗಳೇ ಕೆಡುತ್ತವೆ. ಆಗ ಸಂಬಂಧವಿಲ್ಲದ ಕೀಗಳು ಇಳಿಯುತ್ತವೆ, ಕೆಲವು ಇಳಿದಲ್ಲೇ ನಿಲ್ಲುತ್ತವೆ. ಇದನ್ನು ಪಿಯಾನೊದ ದೋಷವೆಂದು ತಿಳಿದು ತಂತ್ರಜ್ಞರನ್ನು ಕರೆಸಿದವರಿದ್ದಾರೆ. ಫೋನಿನ ವಾಲ್ಯೂಮನ್ನು ಕೈಪಿಡಿ ಹೇಳಿದಲ್ಲಿ ಇಟ್ಟು ಮರೆತುಬಿಡಿ.

2. ವಾದ್ಯವನ್ನೂ ಕೋಣೆಯನ್ನೂ ಸಿದ್ಧಪಡಿಸಿ

ಪಿಯಾನೊದ ಒಳಗೆ ಮರ, ಉಣ್ಣೆಯ ಫೆಲ್ಟ್, ಚರ್ಮ ತುಂಬಿರುತ್ತವೆ. ತೇವ ಹೆಚ್ಚಾದಾಗ ಕೀ ತಿರುಗುವ ಬಿಂದುಗಳ ಫೆಲ್ಟ್ ಉಬ್ಬಿ ಬಿಗಿಯಾಗುತ್ತದೆ. ನಿನ್ನೆ ನುಡಿಯುತ್ತಿದ್ದ ಮೆಲುಸ್ವರ ಇಂದು ನುಡಿಯದಿರುವುದಕ್ಕೆ ಹಲವು ಬಾರಿ ಇದಿಷ್ಟೇ ಕಾರಣ. ತೇವಾಂಶ ಶೇಕಡ 40ರಿಂದ 50ರ ಆಸುಪಾಸಿನಲ್ಲಿ ಸ್ಥಿರವಾಗಿರುವ ದಿನ ಪರೀಕ್ಷೆ ಮಾಡಿ. ಅದು ಸಾಧ್ಯವಿಲ್ಲದಿದ್ದರೆ ಆ ದಿನದ ಅಂಕಿಯನ್ನಾದರೂ ಬರೆದಿಡಿ. ಪರೀಕ್ಷೆಗೆ ಮುಂಚೆ ಹತ್ತು ಹದಿನೈದು ನಿಮಿಷ ಪಿಯಾನೊವನ್ನು ಸಾಧಾರಣ ಮಟ್ಟದಲ್ಲಿ ನುಡಿಯಲು ಬಿಡಿ. ಮೇಲಿಟ್ಟ ಚೌಕಟ್ಟು, ಹೂದಾನಿಗಳನ್ನು ತೆಗೆಯಿರಿ. ಕೆಲವು ಸ್ವರಗಳಿಗೆ ಅವು ಗಿಜಿಗುಟ್ಟಿ ಸದ್ದು ಹೆಚ್ಚಿದೆ ಎಂಬ ಭ್ರಮೆ ಹುಟ್ಟಿಸುತ್ತವೆ.

3. ತಳಮಟ್ಟವನ್ನು ಹುಡುಕಿ

ಈ ಹಂತಕ್ಕೆ ಸಮಯ ಕೊಡಿ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ತಂತ್ರಾಂಶದಲ್ಲಿ 21ರಿಂದ 108ರವರೆಗಿನ ಎಲ್ಲ ಸ್ವರಗಳನ್ನು ಸೆಕೆಂಡಿಗೊಂದರಂತೆ ಸಾಲಾಗಿ ಇಡಿ, ಪೆಡಲ್ ಇರಬಾರದು. ಇಡೀ ಸಾಲನ್ನು ವೆಲಾಸಿಟಿ 40ರಲ್ಲಿ ಒಮ್ಮೆ, ಬಳಿಕ 35, 30, 25, 20 ಎಂದು ಐದು ಬಾರಿ ನಕಲು ಮಾಡಿ ಉಳಿಸಿಕೊಳ್ಳಿ. ಒಂದು ಸಾಲಿಗೆ ಒಂದೂವರೆ ನಿಮಿಷ, ಎಲ್ಲಕ್ಕೂ ಸೇರಿ ಏಳೆಂಟು ನಿಮಿಷ ಹಿಡಿಯುತ್ತದೆ.

ಪಿಯಾನೊದ ವಾಲ್ಯೂಮನ್ನು ತಯಾರಕರು ಸಾಧಾರಣವೆಂದು ಸೂಚಿಸಿದ ಮಟ್ಟದಲ್ಲಿಟ್ಟು ಈ ಕಡತವನ್ನು ನುಡಿಸಿ. ಪಕ್ಕದಲ್ಲಿ ಕುಳಿತು, ಕೀ ಇಳಿದೂ ಸ್ವರ ಬಾರದಿದ್ದಾಗಲೆಲ್ಲ ಆ ಕೀಯನ್ನೂ ಆಗಿನ ವೆಲಾಸಿಟಿಯನ್ನೂ ಗುರುತು ಹಾಕಿ. ಆಮೇಲೆ ನೀವು ರಾತ್ರಿ ಕೇಳಬಯಸುವ ಕಡಿಮೆ ಮಟ್ಟಕ್ಕೆ ವಾಲ್ಯೂಮ್ ಇಳಿಸಿ ಮತ್ತೊಮ್ಮೆ ನುಡಿಸಿ. ಮೊದಲ ಸುತ್ತಿನಲ್ಲಿ 25ರಲ್ಲೂ ನುಡಿದ ಕೀ ಈಗ 35ರಲ್ಲೇ ಕೈಕೊಡಬಹುದು. ಇದರಲ್ಲಿ ಅಚ್ಚರಿಯಿಲ್ಲ, ವಾಲ್ಯೂಮ್ ಇಳಿದಷ್ಟೂ ಅದೇ ವೆಲಾಸಿಟಿಗೆ ಸಿಗುವ ನೂಕು ಕಡಿಮೆ.

ಈಗ ಗುರುತುಗಳು ಹೇಗೆ ಹರಡಿವೆ ಎಂದು ನೋಡಿ. ಇಡೀ ಕೀಬೋರ್ಡಿನುದ್ದಕ್ಕೂ ಒಂದೇ ವೆಲಾಸಿಟಿಯಿಂದ ಕೆಳಗೆ ಎಲ್ಲವೂ ನಿಂತುಹೋಗಿದ್ದರೆ ಕನಿಷ್ಠ ನೂಕಿನ ಹೊಂದಿಕೆ ತೀರಾ ಕೆಳಗಿದೆ. ಎಡಬದಿಯ ಮಂದ್ರದಲ್ಲಿ ಮಾತ್ರ ನಿಂತಿದ್ದರೆ, ಅಲ್ಲಿನ ಸುತ್ತಿಗೆಗಳು ಹೆಚ್ಚು ಭಾರವಿರುವುದರಿಂದ ಅವಕ್ಕೆ ಪ್ರತ್ಯೇಕವಾಗಿ ಸ್ವಲ್ಪ ಹೆಚ್ಚು ನೂಕು ಬೇಕು. ಅಲ್ಲೊಂದು ಇಲ್ಲೊಂದು ಕೀ ಮಾತ್ರ ಕೈಕೊಟ್ಟಿದ್ದರೆ ಅದು ವಾಲ್ಯೂಮಿನ ಸಮಸ್ಯೆಯೇ ಅಲ್ಲ, ಆ ಕೀಯ ಯಾಂತ್ರಿಕ ಸಮಸ್ಯೆ.

ಇನ್ನೊಂದು ಸೂಕ್ಷ್ಮವಿದೆ. ಪರೀಕ್ಷೆಯಲ್ಲಿ ಬಿಟ್ಟುಹೋದ ಸ್ವರ ಹಾಡಿನಲ್ಲಿ ಸರಿಯಾಗಿ ನುಡಿದಂತೆ ಕಂಡರೆ ಗೊಂದಲವಾಗಬೇಡಿ. ಬಲಗಡೆಯ ಪೆಡಲ್ ಒತ್ತಿದಾಗ ತಂತಿಗಳ ಮೇಲೆ ಕೂತಿರುವ ಡ್ಯಾಂಪರುಗಳು, ಅಂದರೆ ಸ್ವರವನ್ನು ನಿಲ್ಲಿಸುವ ಫೆಲ್ಟಿನ ತುಂಡುಗಳು, ಒಟ್ಟಾಗಿ ಮೇಲೇಳುತ್ತವೆ. ಆಗ ಕೀಗೆ ಅವುಗಳ ಭಾರವಿಲ್ಲ, ಕಡಿಮೆ ನೂಕಿಗೂ ಸುತ್ತಿಗೆ ತಲುಪುತ್ತದೆ. ಪೆಡಲ್ ಇಲ್ಲದಾಗ ಡ್ಯಾಂಪರನ್ನೂ ಕೀಯೇ ಎತ್ತಬೇಕು. ಆದ್ದರಿಂದ ಪೆಡಲ್ ಇಲ್ಲದ ಭಾಗಗಳಲ್ಲಿ ಮಾತ್ರ ಸ್ವರ ನುಂಗಿಹೋಗುತ್ತಿದ್ದರೆ ನಿಮ್ಮ ಪಿಯಾನೊ ತಳಮಟ್ಟದ ಅಂಚಿನಲ್ಲೇ ನಡೆಯುತ್ತಿದೆ ಎಂದು ತಿಳಿಯಿರಿ. ಬಲತುದಿಯ ಅತ್ಯಂತ ತಾರದ ಸ್ವರಗಳಿಗೆ ಡ್ಯಾಂಪರೇ ಇರುವುದಿಲ್ಲವಾದ್ದರಿಂದ ಅಲ್ಲಿ ಈ ವ್ಯತ್ಯಾಸ ಕಾಣದು.

4. ಬಿಡಿ ಕೀಗಳನ್ನು ಕೈಯಿಂದ ಪರೀಕ್ಷಿಸಿ

ವಿದ್ಯುತ್ ಪ್ಲಗ್ ತೆಗೆದ ಮೇಲೆ ಗುರುತು ಹಾಕಿದ ಪ್ರತಿ ಕೀಯನ್ನು ಬೆರಳಿನಿಂದ ಬಹಳ ನಿಧಾನವಾಗಿ ಒತ್ತಿ. ಸುಮಾರು ಮುಕ್ಕಾಲು ಪಾಲು ಇಳಿದ ಮೇಲೆ ಸಣ್ಣದೊಂದು ತಡೆ ಸಿಕ್ಕಿ ‘ಟಕ್’ ಎಂದು ಜಾರಿದ ಅನುಭವವಾಗಬೇಕು. ಪಕ್ಕದ ಕೀಗಿಂತ ಬಿಗಿಯೆನಿಸಿದರೆ, ಬಿಟ್ಟಾಗ ಸೋಮಾರಿಯಂತೆ ಮೇಲೇರಿದರೆ, ಅಥವಾ ಮೊದಲೊಂದಿಷ್ಟು ಸುತ್ತಿಗೆಯನ್ನು ಅಲುಗಿಸದೆ ಬರಿದೇ ಇಳಿದರೆ ಅಲ್ಲಿ ಘರ್ಷಣೆಯೋ ಸಡಿಲವೋ ಇದೆ. ಇದನ್ನು ತಂತ್ರಜ್ಞರಿಗೆ ಬಿಡಿ. ಕೀಗಳ ನಡುವೆ ಎಣ್ಣೆ ಬಿಡುವುದಂತೂ ಬೇಡವೇ ಬೇಡ. ಫೆಲ್ಟ್ ಎಣ್ಣೆ ಕುಡಿದು ಇನ್ನಷ್ಟು ಉಬ್ಬುತ್ತದೆ.

ನೀವೇ ನೋಡಬಹುದಾದದ್ದು ಒಂದಿದೆ: ಕೀಗಳ ಮುಂದೆ ಅಡ್ಡಲಾಗಿ ಕೂಡಿಸಿರುವ ಮರದ ಪಟ್ಟಿ. ಅದು ತೇವಕ್ಕೆ ಬಾಗಿ ಕೀಗಳ ಮುಖಕ್ಕೆ ಉಜ್ಜುತ್ತಿರಬಹುದು. ಒಂದು ಪಿಯಾನೊದ ನಡುವಿನ ನಾಲ್ಕು ಸ್ವರಗಳಿಗಾಗಿ ನಾನು ಎರಡು ಸಂಜೆ ಕಡತ ತಿದ್ದುತ್ತಾ ಕಳೆದಿದ್ದೇನೆ. ಕೊನೆಗೆ ಪಟ್ಟಿಯ ಹಿಂದೆ ಒಂದು ಕಾಗದದ ಚೂರೂ ನುಸುಳದಷ್ಟು ಬಿಗಿಯಿತ್ತು.

5. ಕನಿಷ್ಠ ನೂಕನ್ನು ಹೊಂದಿಸಿ

ಸುತ್ತಿಗೆಯ ವೇಗವನ್ನು ಅಳೆಯುವ ಸಂವೇದಕಗಳಿರುವ ಪಿಯಾನೊಗಳಲ್ಲಿ ತಾನೇ ಅಳೆದು ತಿದ್ದಿಕೊಳ್ಳುವ ಕ್ಯಾಲಿಬ್ರೇಶನ್ ಸೌಲಭ್ಯವಿರಬಹುದು. ಹಾಗಿದ್ದರೆ ಮೊದಲು ಅದನ್ನೇ ನಡೆಸಿ. ನಡೆಯುವಾಗ ಕೋಣೆ ಶಾಂತವಾಗಿರಲಿ, ಕೀಗಳನ್ನು ಯಾರೂ ಮುಟ್ಟದಿರಲಿ. ಹಳೆಯ ಪಿಯಾನೊಗೆ ಆಮೇಲೆ ಜೋಡಿಸಿದ ವ್ಯವಸ್ಥೆಗಳಲ್ಲಿ ಇದನ್ನು ಸಾಮಾನ್ಯವಾಗಿ ಕೈಯಾರೆ ಮಾಡಬೇಕಾಗುತ್ತದೆ: ಆ್ಯಪಿನಲ್ಲಿ ಇಡೀ ಕೀಬೋರ್ಡಿಗೆ ಒಂದು ಕನಿಷ್ಠ, ಬೇಕಾದರೆ ಕೀಗೊಂದು ತಿದ್ದುಪಡಿ.

ಕನಿಷ್ಠವನ್ನು ಒಂದೊಂದೇ ಹೆಜ್ಜೆ ಏರಿಸಿ, ಪರೀಕ್ಷೆಯ ಕಡತದಲ್ಲಿ ಹೆಚ್ಚಿನ ಕೀಗಳು ತಪ್ಪದೆ ನುಡಿಯುವಲ್ಲಿ ನಿಲ್ಲಿಸಿ, ತೇವದ ದಿನಗಳಿಗಾಗಿ ಇನ್ನೊಂದು ಹೆಜ್ಜೆ ಸೇರಿಸಿ. ಉಳಿದ ಮೊಂಡು ಕೀಗಳನ್ನು ಬಿಡಿಬಿಡಿಯಾಗಿ ತಿದ್ದಿ. ಇಲ್ಲಿ ಬಹುತೇಕರು ಮಾಡುವ ತಪ್ಪೆಂದರೆ ಒಂದೆರಡು ಮೊಂಡು ಕೀಗಳ ಸಲುವಾಗಿ ಎಲ್ಲದರ ಕನಿಷ್ಠವನ್ನೂ ಎತ್ತಿಬಿಡುವುದು. ಹಾಗೆ ಮಾಡಿದರೆ ಸ್ವರ ಬಿಟ್ಟುಹೋಗುವುದಿಲ್ಲ ನಿಜ, ಆದರೆ ಮೆಲ್ಲಗಿರಬೇಕಾದದ್ದೂ ಜೋರಾಗಿರಬೇಕಾದದ್ದೂ ಒಂದೇ ಮಟ್ಟಕ್ಕೆ ಬಂದು ನುಡಿಸಿದವರ ಕೈಯೇ ಅಳಿಸಿಹೋಗುತ್ತದೆ. ನನ್ನ ಮಟ್ಟಿಗೆ, ಆಗೊಂದು ಈಗೊಂದು ಸ್ವರ ತಪ್ಪುವುದು ಅಂಥ ಚಪ್ಪಟೆ ನುಡಿಕೆಗಿಂತ ಮೇಲು.

6. ಮೇಲ್ಮಟ್ಟವನ್ನು ನಿಗದಿಪಡಿಸಿ

ನಿಮ್ಮಲ್ಲಿರುವ ಅತ್ಯಂತ ಅಬ್ಬರದ ಕೃತಿಯನ್ನು ಹಾಕಿ, ಸಹಿಸಬಹುದಾದಷ್ಟಕ್ಕೆ ಗರಿಷ್ಠವನ್ನು ಇಳಿಸಿ. ಕಿವಿಯ ಅಂದಾಜಿಗೆ ಒಂದು ಲೆಕ್ಕ: ಸುಮಾರು 10 ಡೆಸಿಬೆಲ್ ಇಳಿದಾಗ ನಮಗೆ ಸದ್ದು ಅರ್ಧವಾದಂತೆ ಕೇಳಿಸುತ್ತದೆ. ತುಂಬು ವಾಲ್ಯೂಮಿನಲ್ಲಿ ಗಂಟೆಗಟ್ಟಲೆ ನುಡಿಸಿದರೆ ಸೊಲೆನಾಯ್ಡುಗಳು ಕಾಯುತ್ತವೆ ಎಂಬುದೂ ಗಮನದಲ್ಲಿರಲಿ. ಮೆಲ್ಲಗೆ ಬಡಿದಾಗ ಸ್ವರದೊಳಗಿನ ಎತ್ತರದ ಅನುಸ್ವರಗಳು ಕಡಿಮೆಯಾಗುವುದರಿಂದ ನಾದವೇ ಮಂಕಾಗಿ, ದುಂಡಗೆ ಕೇಳಿಸುತ್ತದೆ. ಅದನ್ನು ದೋಷವೆಂದು ಎಣಿಸಬೇಡಿ.

7. ಹಿನ್ನೆಲೆಯನ್ನು ಪಿಯಾನೊಗೆ ಹೊಂದಿಸಿ, ಪಿಯಾನೊವನ್ನು ಹಿನ್ನೆಲೆಗಲ್ಲ

ಸ್ಪೀಕರನ್ನು ಸೊನ್ನೆಯವರೆಗೂ ಇಳಿಸಬಹುದು, ಪಿಯಾನೊವನ್ನು ತಳಮಟ್ಟದವರೆಗೆ ಮಾತ್ರ. ಆದ್ದರಿಂದ ಸ್ಪೀಕರನ್ನು ಮುಚ್ಚಿಟ್ಟು ಪಿಯಾನೊದ ಮಟ್ಟವನ್ನು ಮೊದಲು ನಿಶ್ಚಯಿಸಿ, ಆಮೇಲೆ ಹಿನ್ನೆಲೆಯನ್ನು ಸೊನ್ನೆಯಿಂದ ಏರಿಸುತ್ತಾ ಬನ್ನಿ. ಪಿಯಾನೊದ ಪಕ್ಕ ನಿಂತಲ್ಲ, ನೀವು ದಿನವೂ ಕೂರುವ ಕುರ್ಚಿಯಲ್ಲಿ ಕೂತು.

8. ಕಡತದೊಳಗಿನ ವೆಲಾಸಿಟಿಯನ್ನು ತಿದ್ದಿ

ಕೆಲವು ಕಡತಗಳು ಮಾತ್ರ ತೊಂದರೆ ಕೊಡುತ್ತಿದ್ದರೆ ಪಿಯಾನೊವನ್ನು ಬಿಟ್ಟು ಕಡತವನ್ನು ನೋಡಿ. ಒಂದು ಕೃತಿಯ ವೆಲಾಸಿಟಿ 30ರಿಂದ 100ರವರೆಗೆ ಹರಡಿದೆ, ನಿಮ್ಮ ತಳಮಟ್ಟ 28 ಎಂದುಕೊಳ್ಳಿ. ಎಲ್ಲವನ್ನೂ 0.6ರಿಂದ ಗುಣಿಸಿದರೆ 18ರಿಂದ 60 ಆಗುತ್ತದೆ, ಮೆಲುಸ್ವರಗಳೆಲ್ಲ ಹೋದವು. ಎಲ್ಲದರಿಂದ 20 ಕಳೆದರೆ 10ರಿಂದ 80, ಅದೂ ಅಷ್ಟೇ. ಬದಲಿಗೆ 30ನ್ನು ಅಲುಗದಂತೆ ಹಿಡಿದು ಅದರ ಮೇಲಿನ ಅಂತರವನ್ನು ಮಾತ್ರ ಅರ್ಧ ಮಾಡಿ: 30 ಇದ್ದದ್ದು 30ರಲ್ಲೇ ಉಳಿಯುತ್ತದೆ, 64 ಇದ್ದದ್ದು 47 ಆಗುತ್ತದೆ, 100 ಇದ್ದದ್ದು 65ಕ್ಕೆ ಇಳಿಯುತ್ತದೆ. ಅಬ್ಬರ ತಗ್ಗುತ್ತದೆ, ಒಂದು ಸ್ವರವೂ ನುಂಗಿಹೋಗುವುದಿಲ್ಲ. ಮಿಡಿ ತಂತ್ರಾಂಶಗಳಲ್ಲಿ ಇದು ಕಂಪ್ರೆಸ್ ಅಥವಾ ಸ್ಕೇಲ್ ಎಂಬ ಹೆಸರಿನಲ್ಲಿರುತ್ತದೆ. ಮೂಲ ಕಡತವನ್ನು ತಿದ್ದಬೇಡಿ, ನಕಲಿನ ಮೇಲೆ ಕೆಲಸ ಮಾಡಿ.

ಕೃತಿಯಿಂದ ಕೃತಿಗೆ ಸದ್ದು ತಾನಾಗಿ ಏರಿಳಿಯುತ್ತಿದ್ದರೆ ಕಡತದ ಆರಂಭದಲ್ಲಿ ಕಂಟ್ರೋಲ್ ಚೇಂಜ್ 7 ಎಂಬ ಸೂಚನೆ ಇದೆಯೇ ನೋಡಿ. ಅದು ಇಡೀ ಚಾನೆಲ್ಲಿನ ವಾಲ್ಯೂಮನ್ನು ಹೇಳುವ ಆಜ್ಞೆ. ಅದಕ್ಕೆ ಓಗೊಡುವ ಪಿಯಾನೊಗಳಲ್ಲಿ ನೀವು ಜತನದಿಂದ ಹೊಂದಿಸಿದ್ದನ್ನು ಅದು ಒಂದೇ ಕ್ಷಣದಲ್ಲಿ ಬದಲಿಸಿಬಿಡುತ್ತದೆ. ಅದನ್ನು ಅಳಿಸಿ, ಇಲ್ಲವೇ ಎಲ್ಲ ಕಡತಗಳಲ್ಲೂ ಒಂದೇ ಅಂಕಿ ಇರುವಂತೆ ಮಾಡಿ.

9. ಪೆಡಲ್, ಪುನರಾವರ್ತನೆ ಮತ್ತು ವಿಳಂಬ

ಸ್ವರದ ಸದ್ದು ಇಳಿದರೂ ಯಂತ್ರದ ಸದ್ದು ಇಳಿಯುವುದಿಲ್ಲ. ತೀರಾ ಕಡಿಮೆ ವಾಲ್ಯೂಮಿನಲ್ಲಿ ಪೆಡಲಿನ ‘ಧಪ್’, ಕೀ ತಳ ಮುಟ್ಟುವ ‘ಟಪ್’ ಎದ್ದು ಕೇಳಿಸುತ್ತವೆ. ಒಂದೇ ಸ್ವರ ಬೇಗ ಬೇಗ ಮರುಕಳಿಸುವಲ್ಲಿ ತಂತಿಗಳು ನೇರ ನಿಂತಿರುವ ಅಪ್‌ರೈಟ್ ಪಿಯಾನೊ ತಂತಿಗಳು ಅಡ್ಡ ಮಲಗಿರುವ ಗ್ರ್ಯಾಂಡಿಗಿಂತ ಮೊದಲೇ ಸೋಲುತ್ತದೆ, ಏಕೆಂದರೆ ಗ್ರ್ಯಾಂಡಿನಲ್ಲಿ ಕೀ ಅರ್ಧ ಮೇಲೆದ್ದರೂ ಸುತ್ತಿಗೆ ಮತ್ತೆ ಸಜ್ಜಾಗುತ್ತದೆ, ಅಪ್‌ರೈಟಿನಲ್ಲಿ ಕೀ ಬಹುಪಾಲು ಪೂರ್ತಿ ಮೇಲೇಳಬೇಕು. ಇದನ್ನು ವಾಲ್ಯೂಮಿನಿಂದ ಸರಿಪಡಿಸಲಾಗದು.

ಮೆಲ್ಲಗೆ ಹೊರಟ ಸುತ್ತಿಗೆ ತಂತಿಯನ್ನು ತಲುಪುವುದೂ ತಡವಾಗಿ. ಈ ತಡವನ್ನು ಸರಿದೂಗಿಸಲೆಂದೇ ಯಮಾಹಾ ಕಂಪನಿಯ ಡಿಸ್‌ಕ್ಲೇವಿಯರಿನಂಥ ಪಿಯಾನೊಗಳು ಹೊರಗಿನಿಂದ ಬಂದ ಮಿಡಿ ಸೂಚನೆಯನ್ನು 500 ಮಿಲಿಸೆಕೆಂಡ್ ತಡೆದಿಟ್ಟುಕೊಂಡು, ಮೆಲುಸ್ವರಗಳನ್ನು ಕೊಂಚ ಮೊದಲೇ ಹೊರಡಿಸಿ, ಎಲ್ಲವೂ ತಾಳಕ್ಕೆ ಬೀಳುವಂತೆ ನುಡಿಸುತ್ತವೆ. ಆ ವಿಳಂಬವನ್ನು ತೆಗೆದುಹಾಕಿದ್ದರೆ, ವಾಲ್ಯೂಮ್ ಇಳಿಸಿದಾಗ ತಾಳ ತಪ್ಪಿದಂತೆ ಕೇಳಿಸುವುದು ಸಹಜ.

10. ಇಷ್ಟಾದರೂ ಜೋರೆನಿಸಿದರೆ

ಪಿಯಾನೊ ತಳಮಟ್ಟ ಮುಟ್ಟಿದೆ, ಇನ್ನು ಕೆಲಸ ಕೋಣೆಯದು. ಗ್ರ್ಯಾಂಡಿನ ಮುಚ್ಚಳ ಮುಚ್ಚಿ, ಕೆಳಗೆ ದಪ್ಪ ಜಮಖಾನ ಹಾಸಿ. ಅಪ್‌ರೈಟನ್ನು ಗೋಡೆಯಿಂದ ಸ್ವಲ್ಪ ಸರಿಸಿ ಹಿಂದೆ ದಪ್ಪ ಬಟ್ಟೆ ತೂಗುಬಿಡಿ, ಬೆನ್ನಿಗೆ ಅಂಟಿಸಬೇಡಿ. ನಡುವಿನ ಪೆಡಲ್ ಒತ್ತಿದಾಗ ಸುತ್ತಿಗೆಗೂ ತಂತಿಗೂ ನಡುವೆ ಫೆಲ್ಟಿನ ಪಟ್ಟಿ ಇಳಿಯುವ ಅಪ್‌ರೈಟುಗಳಿವೆ, ರಾತ್ರಿಗೆ ಅದು ಒಳ್ಳೆಯ ಉಪಾಯ. ಸುತ್ತಿಗೆಯ ಕಾಂಡವನ್ನು ತಂತಿಗೆ ಮುನ್ನ ತಡೆದು ಹೆಡ್‌ಫೋನಿನಲ್ಲಿ ಮಾತ್ರ ಕೇಳಿಸುವ ಮೌನ ವ್ಯವಸ್ಥೆ ಇದ್ದರೆ ಅದನ್ನು ಬಳಸಿ. ವರ್ಷಗಟ್ಟಲೆ ಬಡಿದು ಗಟ್ಟಿಯಾದ ಸುತ್ತಿಗೆಯ ಫೆಲ್ಟನ್ನು ಸೂಜಿಯಿಂದ ಚುಚ್ಚಿ ಮೆತ್ತಗೆ ಮಾಡಲು ಬರುತ್ತದೆ. ಅದಕ್ಕೆ ವಾಯ್ಸಿಂಗ್ ಎನ್ನುತ್ತಾರೆ, ಪಳಗಿದ ಕೈಯೇ ಬೇಕು.

ತೂತು ಕೊರೆದ ಕಾಗದದ ರೋಲನ್ನು ಓದಿ ಗಾಳಿಯಿಂದ ನಡೆಯುವ ಹಳೆಯ ರೋಲ್ ಪಿಯಾನೊ ಇರುವವರಿಗೆ ಒಂದು ಮಾತು. ಅಲ್ಲಿ ಸೊಲೆನಾಯ್ಡ್ ಇಲ್ಲ, ಗಾಳಿಯ ಸೆಳೆತವೇ ಸುತ್ತಿಗೆಯ ನೂಕು. ಕಾಲಿನಿಂದ ತುಳಿಯುವ ಪಿಯಾನೊದಲ್ಲಿ ಮೆಲ್ಲಗೆ ತುಳಿದರೆ ಮೆಲ್ಲಗೆ ನುಡಿಯುತ್ತದೆ. 1904ರಲ್ಲಿ ಬಂದ ವೆಲ್ಟೆ-ಮಿನ್ಯೋನ್ ಮತ್ತು ಅದರ ನಂತರದ ವ್ಯವಸ್ಥೆಗಳಲ್ಲಿ ರೋಲಿನ ತೂತುಗಳೇ ಈ ಸೆಳೆತವನ್ನು ಏರಿಳಿಸುತ್ತವೆ. ಅವುಗಳಲ್ಲೂ ಮೆಲುಸ್ವರ ಬಿಟ್ಟುಹೋಗುತ್ತದೆ, ಆದರೆ ಅಲ್ಲಿ ಮೊದಲು ಅನುಮಾನಿಸಬೇಕಾದದ್ದು ಗಾಳಿ ಸೋರುವ ಹಳೆಯ ಕೊಳವೆ ಮತ್ತು ತಿದಿಗಳನ್ನು.

ಹೊಂದಿಸಿದ ಅಂಕಿಗಳನ್ನು ಆ ದಿನದ ತೇವಾಂಶದೊಂದಿಗೆ ಬರೆದು ಕೈಪಿಡಿಯೊಳಗೆ ಇಡಿ. ಆ್ಯಪ್ ನವೀಕರಣವಾದಾಗ ಅವು ಅಳಿಸಿಹೋಗುವ ಸಂಭವವಿದೆ. ಋತು ಬದಲಾದಾಗ ಮೂರನೆಯ ಹಂತದ ಕಡತವನ್ನು ಮತ್ತೊಮ್ಮೆ ನುಡಿಸಿ ನೋಡಿ. ಎರಡು ಋತುಗಳಲ್ಲೂ ಅದೇ ಕೀ ಕೈಕೊಟ್ಟರೆ ತಂತ್ರಜ್ಞರಿಗೆ ಆ ಕೀ ಯಾವುದು, ಯಾವ ವೆಲಾಸಿಟಿಯಲ್ಲಿ ನಿಲ್ಲುತ್ತದೆ, ಪೆಡಲ್ ಒತ್ತಿದಾಗ ನುಡಿಯುತ್ತದೆಯೇ ಇಲ್ಲವೇ ಎಂಬ ಮೂರು ವಿವರ ಕೊಡಿ. ಅಷ್ಟು ಸಿಕ್ಕರೆ ಅವರು ಪಿಯಾನೊ ಬಿಚ್ಚುವ ಮುನ್ನವೇ ಎಲ್ಲಿ ಕೈ ಹಾಕಬೇಕೆಂದು ಬಹುಪಾಲು ಊಹಿಸಬಲ್ಲರು.